ಹಳೆಯ ಸೋವಿಯತ್ ದೇಶಗಳ ಸಂಘ-ಸಂಸ್ಥೆಗಳಿಗೆ ನೆರವು: ಯಾವ ದೇಶಕ್ಕೆ ಯಾವ ದಾರಿ ಒಳ್ಳೆಯದು?

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಊಟದ ಸಾಮಾನು ತರೋಕೆ ಅಂತ ಹೊರಗೆ ಹೋಗಿದ್ದ ಹುಡುಗ. ಅಲ್ಲಿಯವರೆಗೆ ಖಾರ್ಕಿವ್ ಎಂಬ ಹೆಸರೇ ಕೇಳದ ಮನೆಗಳಲ್ಲಿ ಆ ವಾರವಿಡೀ ಅದೇ ಮಾತು. ನನ್ನ ಪರಿಚಯದ ಎಷ್ಟೋ ಜನ ಆಗ ಏನಾದರೂ ಕೊಡಬೇಕು ಅಂತ ಹೊರಟರು. ನಾನೂ ಹೊರಟೆ. ಮೊದಲು ಕಣ್ಣಿಗೆ ಬಿದ್ದ ವೆಬ್‌ಸೈಟಿಗೆ ಹಣ ಹಾಕಿ, ಅದು ಯಾರಿಗೆ ಹೋಯಿತು ಅಂತ ಆಮೇಲೆ ಹುಡುಕಲು ಕೂತೆ. ಆ ಹುಡುಕಾಟ ಇನ್ನೂ ನಿಂತಿಲ್ಲ. ಉಕ್ರೇನಿನಿಂದ ಶುರುವಾಗಿ ಜಾರ್ಜಿಯಾ, ಕಿರ್ಗಿಸ್ತಾನ್, ಬೆಲಾರೂಸ್ ತನಕ ಬಂದಿದೆ.

"ಯಾರಿಗೆ ಕೊಡೋದು ಹೇಳಿ" ಅಂತ ಈಗಲೂ ಕೇಳುತ್ತಾರೆ. ಒಂದೇ ಉತ್ತರ ಕೊಡೋಕೆ ಆಗಲ್ಲ. 1991ರಲ್ಲಿ ಒಂದು ದೇಶ ಒಡೆದು ಹದಿನೈದು ದೇಶವಾಯಿತು, ಆ ಹದಿನೈದೂ ಈಗ ಹದಿನೈದು ದಿಕ್ಕಿನಲ್ಲಿವೆ. ಎಸ್ಟೋನಿಯಾದಲ್ಲಿ ಒಳ್ಳೆಯದಾದ ದಾರಿ ಬೆಲಾರೂಸ್‌ನಲ್ಲಿ ಒಬ್ಬರನ್ನು ಜೈಲಿಗೆ ಕಳಿಸಬಹುದು. ಅದಕ್ಕೇ ಮೊದಲು ದೇಶ ನೋಡಿ, ಆಮೇಲೆ ದಾರಿ ಆರಿಸಿ, ಸಂಸ್ಥೆಯ ಹೆಸರು ಕೊನೆಗೆ ಬರಲಿ.

ಮೊದಲ ಪ್ರಶ್ನೆಯೇ ಬೇರೆ

ನಮ್ಮಲ್ಲಿ ದೇಣಿಗೆ ಕೊಡುವಾಗ ಏನು ಕೇಳುತ್ತೇವೆ? ಹಣ ಸರಿಯಾಗಿ ಖರ್ಚಾಗುತ್ತಾ, ಯಾರಾದರೂ ತಿಂದು ಹಾಕ್ತಾರಾ ಅಂತ. ಅಲ್ಲಿ ಅದಕ್ಕಿಂತ ಮುಂಚೆ ಇನ್ನೊಂದು ಕೇಳಬೇಕು: ನನ್ನ ಹಣ ತಗೊಂಡಿದ್ದಕ್ಕೆ ಅವರಿಗೆ ತೊಂದರೆ ಆಗುತ್ತಾ?

ಎಫ್‌ಸಿಆರ್‌ಎ ಎಂಬ ನಮ್ಮ ವಿದೇಶಿ ದೇಣಿಗೆ ನಿಯಂತ್ರಣ ಕಾನೂನು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಸಂಸ್ಥೆಯೊಂದು ವಿದೇಶಿ ದೇಣಿಗೆ ತಗೊಳ್ಳಬೇಕಾದರೆ ನೋಂದಣಿ ಬೇಕು. 2020ರ ತಿದ್ದುಪಡಿ ಆದಮೇಲಂತೂ ಹಣ ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ರಷ್ಯಾ 2012ರಲ್ಲಿ ತಂದ "ವಿದೇಶಿ ಏಜೆಂಟ್" ಕಾನೂನು ಇದಕ್ಕಿಂತ ತುಂಬಾ ಮುಂದೆ ಹೋಯಿತು. ಹೊರಗಿನ ಹಣ ಬಂತು, ರಾಜಕೀಯ ಚಟುವಟಿಕೆ ಇದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ಸಂಸ್ಥೆಯ ಮೇಲೆ ಆ ಹಣೆಪಟ್ಟಿ ಬೀಳುತ್ತದೆ. ರಷ್ಯನ್ನರ ಕಿವಿಗೆ ಆ ಮಾತು "ಗೂಢಚಾರ" ಅಂದ ಹಾಗೇ ಕೇಳಿಸುತ್ತದೆ, ಏಕೆಂದರೆ ಸ್ಟಾಲಿನ್ ಕಾಲದಲ್ಲಿ ಜನರನ್ನು ಹೊತ್ತೊಯ್ದಿದ್ದು ಇಂಥ ಮಾತುಗಳನ್ನು ಹೇಳಿಯೇ.

ಡೈನಾಸ್ಟಿ ಪ್ರತಿಷ್ಠಾನದ ಕಥೆ ಕೇಳಿ. ಬೀಲೈನ್ ಎಂಬ ಮೊಬೈಲ್ ಜಾಲ ಕಟ್ಟಿದ ಡ್ಮಿಟ್ರಿ ಜಿಮಿನ್ 2002ರಲ್ಲಿ ಅದನ್ನು ಶುರು ಮಾಡಿದರು. ಯುವ ವಿಜ್ಞಾನಿಗಳಿಗೆ ವಿದ್ಯಾರ್ಥಿವೇತನ, ಜನರಿಗೆ ಅರ್ಥವಾಗುವಂಥ ವಿಜ್ಞಾನದ ಪುಸ್ತಕ, ಉಪನ್ಯಾಸ, ಇದೇ ಅದರ ಕೆಲಸ. ಹಣ ಪೂರ್ತಿ ಅವರ ಸ್ವಂತದ್ದು. ಆದರೆ ಅದು ವಿದೇಶದ ಖಾತೆಯಿಂದ ಬರುತ್ತಿತ್ತು. 2015ರ ಮೇ ತಿಂಗಳಲ್ಲಿ ಸರ್ಕಾರ ಅವರ ಸಂಸ್ಥೆಯನ್ನು ವಿದೇಶಿ ಏಜೆಂಟ್ ಅಂತ ಘೋಷಿಸಿತು. ಆ ಹಣೆಪಟ್ಟಿ ಹೊತ್ತು ಕೆಲಸ ಮಾಡಲಾರೆ ಅಂತ ಜಿಮಿನ್ ಅದನ್ನು ಮುಚ್ಚಿದರು. ತನ್ನ ದೇಶದ ಮಕ್ಕಳಿಗೆ ವಿಜ್ಞಾನ ಕಲಿಸಲು ತನ್ನದೇ ದುಡ್ಡು ಕೊಟ್ಟವನಿಗೆ ಹೀಗಾಯಿತು. ಇನ್ನು ಹೊರಗಿನ ನಮ್ಮ ದುಡ್ಡನ್ನು ಹೇಗೆ ನೋಡಬಹುದು, ನೀವೇ ಯೋಚಿಸಿ.

ಬೆಲಾರೂಸ್‌ನಲ್ಲಿ ಇನ್ನೂ ಕಷ್ಟ. ವಿಯಾಸ್ನಾ ಎಂಬ ಮಾನವ ಹಕ್ಕು ಸಂಸ್ಥೆಯ ನೋಂದಣಿಯನ್ನು ಸರ್ಕಾರ 2003ರಲ್ಲೇ ರದ್ದು ಮಾಡಿತ್ತು. ಹಾಗಾಗಿ ಅದರ ಮುಖ್ಯಸ್ಥ ಅಲೆಸ್ ಬಿಯಾಲಿಯಾಟ್ಸ್ಕಿ ಸಂಸ್ಥೆಯ ಹಣವನ್ನು ಲಿಥುವೇನಿಯಾ ಮತ್ತು ಪೋಲೆಂಡಿನಲ್ಲಿ ತಮ್ಮ ಹೆಸರಿನ ಖಾತೆಗಳಲ್ಲಿ ಇಟ್ಟಿದ್ದರು. ಆ ಎರಡು ದೇಶಗಳು ಮಾಮೂಲಿ ಕಾಗದ ವ್ಯವಹಾರ ಅಂದುಕೊಂಡು ಖಾತೆಯ ವಿವರವನ್ನು ಬೆಲಾರೂಸ್‌ಗೆ ಕೊಟ್ಟವು. 2011ರಲ್ಲಿ ತೆರಿಗೆ ವಂಚನೆ ಕೇಸು, ನಾಲ್ಕೂವರೆ ವರ್ಷ ಶಿಕ್ಷೆ. 2021ರಲ್ಲಿ ಮತ್ತೆ ಬಂಧಿಸಿದರು. 2022ರ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆಯಾದಾಗ ಅವರು ಜೈಲಿನಲ್ಲೇ ಇದ್ದರು.

ಕೊಟ್ಟವರಿಗೂ ಅಪಾಯ ಉಂಟು. ಲಾಸ್ ಏಂಜಲೀಸ್‌ನಲ್ಲಿದ್ದ ಒಬ್ಬ ರಷ್ಯನ್-ಅಮೆರಿಕನ್ ಮಹಿಳೆ ಉಕ್ರೇನಿಗೆ ನೆರವಾಗುವ ರಜೋಮ್ ಎಂಬ ಅಮೆರಿಕದ ಸಂಸ್ಥೆಗೆ ಸುಮಾರು 51 ಡಾಲರ್ ಕೊಟ್ಟಿದ್ದರು. 2024ರ ಆರಂಭದಲ್ಲಿ ಮನೆಯವರನ್ನು ನೋಡಲು ರಷ್ಯಾದ ಯೆಕಟೆರಿನ್‌ಬರ್ಗ್‌ಗೆ ಹೋದಾಗ ಬಂಧಿಸಿದರು. ದೇಶದ್ರೋಹದ ಆರೋಪ, 12 ವರ್ಷ ಶಿಕ್ಷೆ. 2025ರ ಏಪ್ರಿಲ್‌ನಲ್ಲಿ ಕೈದಿಗಳ ವಿನಿಮಯ ಆಗದಿದ್ದರೆ ಅವರು ಇನ್ನೂ ಅಲ್ಲೇ ಇರುತ್ತಿದ್ದರು. ಬೆಂಗಳೂರಿನಲ್ಲಿ ಮನೆಮಂದಿಯೆಲ್ಲ ಒಂದು ಸಲ ಹೊರಗೆ ಊಟ ಮಾಡಿದರೆ ಆಗುವಷ್ಟು ದುಡ್ಡಿಗೆ 12 ವರ್ಷ. ನಿಮ್ಮ ಮನೆಯಿಂದ ಯಾರಾದರೂ ರಷ್ಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದರೆ, ಅಥವಾ ನೀವು ಅಲ್ಲಿಗೆ ಹೋಗುವವರಿದ್ದರೆ, ಇದನ್ನು ಮರೆಯಬೇಡಿ. ಮಗ ಅಥವಾ ಮಗಳ ಹೆಸರಿನ ಕಾರ್ಡಿನಿಂದಂತೂ ಏನನ್ನೂ ಕೊಡಬೇಡಿ.

ಉಕ್ರೇನ್: ನೇರವಾಗಿ ಅಲ್ಲಿನವರಿಗೇ ಕೊಡಿ

ಹದಿನೈದರಲ್ಲಿ ನನಗೆ ಹೆಚ್ಚು ಭರವಸೆ ಕೊಡುವ ದೇಶ ಇದು. ಕಾರಣ ಅಲ್ಲಿನ ಜನ ತಾವೇ ಕೊಡುತ್ತಾರೆ, ದಿನವೂ ಕೊಡುತ್ತಾರೆ. ಮೋನೋಬ್ಯಾಂಕ್ ಅಂತ ಒಂದು ಮೊಬೈಲ್ ಬ್ಯಾಂಕ್ ಇದೆ. ಅದರಲ್ಲಿ ಯಾರು ಬೇಕಾದರೂ ಒಂದು "ಬಾಂಕಾ" ತೆರೆಯಬಹುದು. ಬಾಂಕಾ ಅಂದರೆ ಅವರ ಭಾಷೆಯಲ್ಲಿ ಗಾಜಿನ ಜಾಡಿ, ನಮ್ಮ ಉಪ್ಪಿನಕಾಯಿ ಭರಣಿ ಇದ್ದ ಹಾಗೆ. ಪರದೆಯ ಮೇಲೆ ಜಾಡಿಯ ಚಿತ್ರ ಇರುತ್ತದೆ. ಏನಕ್ಕೆ, ಎಷ್ಟು ಬೇಕು, ಈಗ ಎಷ್ಟಾಗಿದೆ, ಎಲ್ಲ ಕಾಣುತ್ತದೆ. ಹಣ ಬಿದ್ದ ಹಾಗೆ ಜಾಡಿ ತುಂಬುತ್ತಾ ಹೋಗುತ್ತದೆ. ಒಂದು ಸಂಜೆ ನಾನು ಅಂಥ ಒಂದು ಜಾಡಿಯ ಪುಟವನ್ನು ತೆರೆದು ಸುಮ್ನೆ ನೋಡುತ್ತಾ ಕೂತಿದ್ದೆ. ಯಾವುದೋ ಊರಿನ ಆಂಬುಲೆನ್ಸಿಗೆ ಟೈರ್ ಬೇಕಿತ್ತು. ಕಾಫಿ ಆರುವಷ್ಟರಲ್ಲಿ ಜಾಡಿ ಎರಡು ಬೆರಳಿನಷ್ಟು ಮೇಲೆ ಏರಿತ್ತು.

ಇದು ಒಂದೇ ದಿನದಲ್ಲಿ ಬಂದ ಅಭ್ಯಾಸ ಅಲ್ಲ. ಹಳ್ಳಿಗಳಲ್ಲಿ ಮನೆ ಕಟ್ಟಲು, ಕೊಯ್ಲಿಗೆ ಎಲ್ಲರೂ ಸೇರುವ "ತೊಲೋಕಾ" ಎಂಬ ಪದ್ಧತಿ ಹಿಂದಿನಿಂದ ಇದೆ. 2014ರಲ್ಲಿ ಯುದ್ಧ ಶುರುವಾದಾಗ ಸ್ವಯಂಸೇವಕರೇ ಸೈನ್ಯಕ್ಕೆ ಬೂಟು, ಔಷಧಿ ಹೊಂದಿಸಿದರು. 2022ರ ಜೂನ್‌ನಲ್ಲಿ ಟಿವಿ ನಿರೂಪಕ ಸೆರ್ಹಿ ಪ್ರಿತುಲಾ ಅವರ ಪ್ರತಿಷ್ಠಾನ ಬೈರಾಕ್ತಾರ್ ಡ್ರೋನ್ ಕೊಳ್ಳಲು ಮೂರೇ ದಿನದಲ್ಲಿ ಸುಮಾರು 60 ಕೋಟಿ ಹ್ರಿವ್ನಿಯಾ (ಅಲ್ಲಿನ ಹಣ) ಕೂಡಿಸಿತು. ಡ್ರೋನ್ ತಯಾರಿಸುವ ಟರ್ಕಿಯ ಕಂಪನಿ ಹಣ ಬೇಡ ಅಂತ ಉಚಿತವಾಗಿ ಕೊಟ್ಟಿತು. ಪ್ರತಿಷ್ಠಾನ ಆ ಹಣದಲ್ಲಿ ಉಪಗ್ರಹದ ಚಿತ್ರಗಳ ಸೌಲಭ್ಯ ಕೊಂಡಿತು, ಕೊಂಡಿದ್ದನ್ನು ಜನರಿಗೆ ತಿಳಿಸಿತು.

ಇಲ್ಲಿ ನೀವು ಒಂದು ತೀರ್ಮಾನ ಮಾಡಿಕೊಳ್ಳಲೇಬೇಕು. ನಿಮ್ಮ ಹಣ ಸೈನ್ಯಕ್ಕೆ ಹೋಗಬಹುದಾ, ಬೇಡವಾ? "ಕಮ್ ಬ್ಯಾಕ್ ಅಲೈವ್", ಪ್ರಿತುಲಾ ಪ್ರತಿಷ್ಠಾನ ಇವೆಲ್ಲ ಮುಖ್ಯವಾಗಿ ಸೈನ್ಯಕ್ಕೆ ನೆರವಾಗುವವು. ಮುಚ್ಚಿಡುವುದಿಲ್ಲ, ಸ್ಪಷ್ಟವಾಗಿ ಹೇಳುತ್ತವೆ. "ಯುನೈಟೆಡ್24" ಎಂಬುದು 2022ರ ಮೇ ತಿಂಗಳಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ ಶುರು ಮಾಡಿದ್ದು. ರಕ್ಷಣೆ, ವೈದ್ಯಕೀಯ, ಪುನರ್ನಿರ್ಮಾಣ ಅಂತ ನೀವೇ ವಿಭಾಗ ಆರಿಸಬಹುದು, ಹಣ ಅಲ್ಲಿನ ಕೇಂದ್ರ ಬ್ಯಾಂಕಿನ ಖಾತೆಗೆ ಹೋಗುತ್ತದೆ. ಅದು ಸರ್ಕಾರದ ನಿಧಿ, ಸಂಘ-ಸಂಸ್ಥೆಗಳದ್ದಲ್ಲ. ನಮ್ಮ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡುವುದಕ್ಕೂ ಊರಿನ ಟ್ರಸ್ಟಿಗೆ ಕೊಡುವುದಕ್ಕೂ ವ್ಯತ್ಯಾಸ ಇದೆಯಲ್ವಾ, ಹಾಗೇ. ಮಕ್ಕಳಿಗೆ ಅಂತಿದ್ದರೆ ಯುದ್ಧ ನೋಡಿದ ಮಕ್ಕಳ ಮನಸ್ಸಿನ ಆರೈಕೆ ಮಾಡುವ "ವಾಯ್ಸಸ್ ಆಫ್ ಚಿಲ್ಡ್ರನ್" ಇದೆ, ಕ್ಯಾನ್ಸರ್ ಬಂದ ಮಕ್ಕಳಿಗೆ ದುಡಿಯುವ "ತಬ್ಲೆಟೋಚ್ಕಿ" ಇದೆ. ಯುದ್ಧಾಪರಾಧಗಳ ದಾಖಲೆ ಮಾಡಬೇಕು, ನಾಳೆ ನ್ಯಾಯ ಸಿಗಬೇಕು ಅನ್ನುವವರಿಗೆ ಸೆಂಟರ್ ಫಾರ್ ಸಿವಿಲ್ ಲಿಬರ್ಟೀಸ್ ಇದೆ. 2022ರ ನೊಬೆಲ್ ಹಂಚಿಕೊಂಡವರಲ್ಲಿ ಅದೂ ಒಂದು. ಸಣ್ಣ ಸಣ್ಣ ಗುಂಪುಗಳಿಗೆ ಹಣ ಹಂಚುವ ಕೆಲಸವನ್ನು 1990ರಿಂದ ಇಂಟರ್‌ನ್ಯಾಷನಲ್ ರಿನೈಸಾನ್ಸ್ ಫೌಂಡೇಶನ್ ಮಾಡುತ್ತಿದೆ.

ವಿಶ್ವಸಂಸ್ಥೆಯ ದೊಡ್ಡ ಏಜೆನ್ಸಿಗಳ ಬಗ್ಗೆ ನನಗೆ ಗೌರವ ಇದೆ. ಚಳಿಗಾಲದಲ್ಲಿ ಲಕ್ಷಾಂತರ ಜನರಿಗೆ ಹೀಟರ್, ಕಂಬಳಿ ಕೊಡುವ ಶಕ್ತಿ ಅವಕ್ಕೇ ಇರುವುದು. ಆದರೆ ಜಗತ್ತು ಉಕ್ರೇನಿಗೆ ಕೊಟ್ಟ ನೆರವಿನಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆಗಳ ಕೈಗೆ ನೇರವಾಗಿ ಬಂದಿದ್ದು ತೀರಾ ಸಣ್ಣ ಪಾಲು. ಬಾಂಬ್ ಬೀಳುವ ಊರಿಗೆ ವ್ಯಾನ್ ಓಡಿಸಿಕೊಂಡು ಹೋಗಿ ಅಜ್ಜಿಯರನ್ನು ಕರೆತಂದವರು ಮಾತ್ರ ಆ ಸ್ಥಳೀಯರೇ. ಅದಕ್ಕೇ ಉಕ್ರೇನಿಗೆ ಕೊಡುವ ಸಣ್ಣ ಮೊತ್ತ ನೇರವಾಗಿ ಅವರಿಗೇ ಹೋಗಲಿ ಅಂತ ನನ್ನ ಅಭಿಪ್ರಾಯ.

ಮಾಲ್ಡೋವಾ ಮತ್ತು ಬಾಲ್ಟಿಕ್ ದೇಶಗಳು

ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ 2004ರಿಂದ ಐರೋಪ್ಯ ಒಕ್ಕೂಟದಲ್ಲಿವೆ. ಅಲ್ಲಿನ ಸಂಸ್ಥೆಗಳಿಗೆ ನಮ್ಮ ದುಡ್ಡು ಅಷ್ಟು ಬೇಕಿಲ್ಲ. ಲಿಥುವೇನಿಯಾದಲ್ಲಿ ಜನ ತಾವು ಕಟ್ಟಿದ ಆದಾಯ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಇಂಥ ಸಂಸ್ಥೆಗೆ ಹೋಗಲಿ ಅಂತ ಬರೆದುಕೊಡಬಹುದು. ಮಾಲ್ಡೋವಾದಲ್ಲೂ 2017ರಿಂದ ಶೇ 2ರಷ್ಟನ್ನು ಹೀಗೆ ಕೊಡಬಹುದು. ಕೈಯಿಂದ ಹೆಚ್ಚುವರಿ ದುಡ್ಡು ಹೋಗಲ್ಲ, ಆದರೂ ವರ್ಷಕ್ಕೊಮ್ಮೆ "ನಾನು ಯಾರನ್ನು ನಂಬುತ್ತೇನೆ" ಅಂತ ಯೋಚಿಸಲೇಬೇಕಾಗುತ್ತದೆ. ನನಗೆ ಈ ಪದ್ಧತಿ ಬಹಳ ಇಷ್ಟ.

ಮಾಲ್ಡೋವಾ ಮಾತ್ರ ಬೇರೆ. ಬಡ ದೇಶ, ಪುಟ್ಟ ದೇಶ, ತನ್ನ ಜನಸಂಖ್ಯೆಗೆ ಹೋಲಿಸಿದರೆ ಬಹಳ ಜಾಸ್ತಿ ಉಕ್ರೇನ್ ನಿರಾಶ್ರಿತರಿಗೆ ಜಾಗ ಕೊಟ್ಟಿತು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಮುಚ್ಚಿದಾಗ ಅಲ್ಲಿನ ಸಂಸ್ಥೆಗಳಿಗೆ, ಸ್ವತಂತ್ರ ಪತ್ರಿಕೆಗಳಿಗೆ ಜೋರು ಪೆಟ್ಟು ಬಿತ್ತು. ಕಾನೂನಿನ ತೊಡಕು ಕಡಿಮೆ, ಅಗತ್ಯ ಜಾಸ್ತಿ. ಆದರೂ ಮಾಲ್ಡೋವಾ ಅಂದರೆ ಯಾರಿಗೂ ನೆನಪಾಗುವುದಿಲ್ಲ. ಮೊದಲ ಸಲ ಕೊಡುವವರಿಗೆ ನಾನು ಹೇಳುವ ದೇಶ ಇದೇ.

ಜಾರ್ಜಿಯಾ, ಅರ್ಮೇನಿಯಾ: ಅಕ್ಕಪಕ್ಕ, ಆದರೆ ಬೇರೆ ಬೇರೆ ಲೆಕ್ಕ

ಐದಾರು ವರ್ಷದ ಹಿಂದೆ ಕೇಳಿದ್ದರೆ ಜಾರ್ಜಿಯಾ ಸುಲಭ ಅನ್ನುತ್ತಿದ್ದೆ. 2024ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತು, ಆದಾಯದಲ್ಲಿ ಶೇ 20ಕ್ಕಿಂತ ಹೆಚ್ಚು ಹೊರಗಿನಿಂದ ಬರುವ ಸಂಸ್ಥೆಗಳು "ವಿದೇಶಿ ಶಕ್ತಿಯ ಹಿತ ಕಾಯುವವರು" ಅಂತ ನೋಂದಾಯಿಸಿಕೊಳ್ಳಬೇಕು ಎಂಬ ಕಾನೂನು ಮಾಡಿತು. ರಾಜಧಾನಿ ಟಿಬಿಲಿಸಿಯ ರುಸ್ತಾವೇಲಿ ರಸ್ತೆ ತುಂಬಾ ಜನ ನಿಂತು ಬೇಡ ಅಂದರು. ಅಧ್ಯಕ್ಷೆ ವೀಟೊ ಹಾಕಿದರು. ಸಂಸತ್ತು ಅದನ್ನೂ ತಳ್ಳಿಹಾಕಿತು. 2025ರಲ್ಲಿ ಇನ್ನೊಂದು ಹೆಜ್ಜೆ: ವಿದೇಶಿ ಅನುದಾನಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಕೆಲವು ಸಂಸ್ಥೆಗಳ ಬ್ಯಾಂಕ್ ಖಾತೆಗಳನ್ನೇ ತಡೆಹಿಡಿದರು. ಹಾಗಾಗಿ ಜಾರ್ಜಿಯಾಕ್ಕೆ ನೇರವಾಗಿ ಹಣ ಕಳಿಸುವ ಮುಂಚೆ ಆ ಸಂಸ್ಥೆಗೆ ಒಂದು ಮೇಲ್ ಹಾಕಿ: "ನಾನು ಭಾರತದಿಂದ ಇಷ್ಟು ಕಳಿಸಿದರೆ ನಿಮಗೆ ತೊಂದರೆ ಆಗುತ್ತಾ? ಬೇರೆ ದಾರಿ ಇದೆಯಾ?" ಅವರು ಬೇಡ ಅಂದರೆ ಬೇಡ. ಅವರಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂಬ ನಮ್ಮ ಹಟಕ್ಕೆ ಅವರು ದಂಡ ಕಟ್ಟುವ ಹಾಗಾಗಬಾರದು.

ಅರ್ಮೇನಿಯಾದ್ದು ಇನ್ನೊಂದು ತರಹ. ದೇಶದ ಒಳಗಿರುವವರಿಗಿಂತ ಹೊರಗಿರುವ ಅರ್ಮೇನಿಯನ್ನರೇ ಜಾಸ್ತಿ, ಮತ್ತು ಅವರು ಕೊಡುತ್ತಾರೆ. ಎಜಿಬಿಯು ಎಂಬ ಅವರ ಸಂಸ್ಥೆ 1906ರಲ್ಲಿ ಕೈರೋದಲ್ಲಿ ಹುಟ್ಟಿತು. 1992ರಲ್ಲಿ ಹಯಸ್ತಾನ್ ನಿಧಿ ಬಂತು. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ದಿನ ಟಿವಿಯಲ್ಲಿ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿ ಹಣ ಕೂಡಿಸುತ್ತಾರೆ. ರಸ್ತೆ, ಶಾಲೆ, ನೀರಿನ ಪೈಪು, ಇಂಥ ದೊಡ್ಡ ಕೆಲಸಗಳಿಗೆ ಆ ನಿಧಿ ಹೆಸರುವಾಸಿ. ಆದರೆ ಅದು ಸರ್ಕಾರಕ್ಕೆ ತುಂಬಾ ಹತ್ತಿರ. ಅಜೆರ್ಬೈಜಾನ್ ಜೊತೆ 2020ರಲ್ಲಿ ನಡೆದ ಯುದ್ಧದ ಸಮಯದಲ್ಲಿ ಜಗತ್ತಿನ ಮೂಲೆಮೂಲೆಯಿಂದ ಬಂದ ದೇಣಿಗೆಯಲ್ಲಿ ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಸರ್ಕಾರದ ಖಜಾನೆಗೆ ಕೊಟ್ಟಾಗ, ಕೊಟ್ಟ ಜನರೇ ಬೇಸರಪಟ್ಟುಕೊಂಡರು, ಪ್ರಶ್ನೆ ಮಾಡಿದರು. ದೊಡ್ಡ ನಿಧಿಯಾ, ಸಣ್ಣ ಸಂಸ್ಥೆಯಾ ಅಂದರೆ ನಾನು ಇಲ್ಲಿ ಸಣ್ಣದರ ಕಡೆ. 2023ರ ಸೆಪ್ಟೆಂಬರಿನಲ್ಲಿ ಅಜೆರ್ಬೈಜಾನ್ ವಶಕ್ಕೆ ಹೋದ ನಾಗೊರ್ನೊ-ಕರಾಬಾಖ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಒಂದೇ ವಾರದಲ್ಲಿ ಮನೆ ಬಿಟ್ಟು ಬಂದರು. ಅವರಿಗೆ ಬಾಡಿಗೆ, ಕೆಲಸ, ಮಕ್ಕಳಿಗೆ ಶಾಲೆ ನೋಡಿಕೊಳ್ಳುವ ಸ್ಥಳೀಯ ಗುಂಪುಗಳು ಗ್ಲೋಬಲ್‌ಗಿವಿಂಗ್ ತರಹದ, ಬೇರೆ ಬೇರೆ ಸಂಸ್ಥೆಗಳಿಗೆ ಆನ್‌ಲೈನಿನಲ್ಲಿ ದೇಣಿಗೆ ಕೂಡಿಸುವ ವೇದಿಕೆಗಳಲ್ಲಿ ಸಿಗುತ್ತವೆ.

ಮಧ್ಯ ಏಷ್ಯಾ

ಕಿರ್ಗಿಸ್ ಹಳ್ಳಿಗಳಲ್ಲಿ "ಅಶಾರ್" ಅಂತ ಇದೆ. ಒಬ್ಬರ ಮನೆ ಕಟ್ಟಲು ಊರೇ ಬಂದು ಕೆಲಸ ಮಾಡುತ್ತದೆ, ಮನೆಯವರು ಊಟ ಹಾಕುತ್ತಾರೆ, ನಾಳೆ ಅವರ ಸರದಿ. ಕಜಕರು "ಅಸಾರ್" ಅನ್ನುತ್ತಾರೆ, ಉಜ್ಬೆಕರು, ತಾಜಿಕರು "ಹಶಾರ್". ನಮ್ಮ ಮುಯ್ಯಾಳು ಇದೇ ಅಲ್ವಾ? ಕಚೇರಿ, ಲೆಟರ್‌ಹೆಡ್ ಇಲ್ಲದೆ ನಡೆಯುವ ಈ ಸಹಾಯ ಅಲ್ಲಿನ ನಿಜವಾದ ಬಲ. ಆದರೆ ಅದಕ್ಕೆ ಹೊರಗಿನಿಂದ ನಾವು ದುಡ್ಡು ಹಾಕೋಕೆ ಆಗಲ್ಲ, ಹಾಕಲೂಬಾರದು.

ನೋಂದಾಯಿತ ಸಂಸ್ಥೆಗಳಿಗೆ ಕಾಲ ಕೆಟ್ಟಿದೆ. ಉಜ್ಬೇಕಿಸ್ತಾನ್ 2004ರಲ್ಲೇ ಅಮೆರಿಕದ ಸಿರಿವಂತ ಜಾರ್ಜ್ ಸೊರೊಸ್ ಅವರ ಪ್ರತಿಷ್ಠಾನವನ್ನು ಹೊರಗೆ ಹಾಕಿತು. ಆ ಭಾಗದಲ್ಲಿ ಎಲ್ಲಕ್ಕಿಂತ ಮುಕ್ತ ದೇಶ ಅಂತ ಹೆಸರಾಗಿದ್ದ ಕಿರ್ಗಿಸ್ತಾನ್ 2024ರ ಏಪ್ರಿಲ್‌ನಲ್ಲಿ "ವಿದೇಶಿ ಪ್ರತಿನಿಧಿ" ಕಾನೂನು ತಂದಿತು. ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದ ಸೊರೊಸ್ ಪ್ರತಿಷ್ಠಾನ ಅದೇ ತಿಂಗಳು ಬಾಗಿಲು ಮುಚ್ಚುವುದಾಗಿ ಹೇಳಿತು. ತುರ್ಕಮೆನಿಸ್ತಾನದಲ್ಲಿ ಹೊರಗಿನವರು ಮಾಡಬಹುದಾದ್ದು ಹೆಚ್ಚುಕಡಿಮೆ ಏನೂ ಇಲ್ಲ. ಇಲ್ಲೆಲ್ಲ ವೇದಿಕೆಗಳ ಮೂಲಕ ಅಂಗವಿಕಲ ಮಕ್ಕಳು, ಹೆಣ್ಣುಮಕ್ಕಳ ಓದು, ವೃದ್ಧರ ಆರೈಕೆ ಇಂಥ ಕೆಲಸ ಮಾಡುವವರಿಗೆ ಕೊಡುವುದು ಕ್ಷೇಮ. ಕಿವಾ ಎಂಬ ಆನ್‌ಲೈನ್ ಸಾಲದ ವೇದಿಕೆಯ ಮೂಲಕ ತಾಜಿಕಿಸ್ತಾನದ ರೈತರಿಗೆ, ಅಂಗಡಿಯವರಿಗೆ ಸಾಲ ಕೊಡಬಹುದು. ಆದರೆ ಅದು ಸಾಲ, ಸಾಲಗಾರರು ಅಲ್ಲಿನ ಹಣಕಾಸು ಸಂಸ್ಥೆಗೆ ಬಡ್ಡಿ ಕಟ್ಟುತ್ತಾರೆ. ಒಳ್ಳೆಯದೇ, ಆದರೆ ಸಂಘ-ಸಂಸ್ಥೆ ಬೆಳೆಸುವ ಕೆಲಸ ಅದರಿಂದ ಆಗಲ್ಲ. ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಇದ್ದಾರಲ್ಲ, ಅವರಿಗೆ ಇನ್ನೊಂದು ಸುಲಭ ದಾರಿ ಇದೆ. ಅಲ್ಲಿನ ಅನಾಥಾಲಯಕ್ಕೋ ವೃದ್ಧಾಶ್ರಮಕ್ಕೋ ಹೋಗಿ ಏನು ಬೇಕು ಅಂತ ಕೇಳಿ, ಅಂಗಡಿಯಿಂದ ತಂದು ಕೊಡಿ.

ರಷ್ಯಾ, ಬೆಲಾರೂಸ್: ದುಡ್ಡು ಬೇಡ, ಪತ್ರ ಬರೆಯಿರಿ

ರಷ್ಯಾದಲ್ಲಿ ಒಳ್ಳೆಯ ದಾನಸಂಸ್ಥೆಗಳಿಲ್ಲ ಅಂತ ಯಾರೂ ತಿಳಿಯಬಾರದು. ಕ್ಯಾನ್ಸರ್ ಬಂದ ಮಕ್ಕಳಿಗಾಗಿ ಇಬ್ಬರು ನಟಿಯರು 2006ರಲ್ಲಿ ಕಟ್ಟಿದ "ಪೊದಾರಿ ಜೀಜ್ನ್", ಸಾವಿನ ಹತ್ತಿರ ಇರುವವರ ನೋವು ಕಡಿಮೆ ಮಾಡುವ "ವೇರಾ" ಪ್ರತಿಷ್ಠಾನ, ಇವೆಲ್ಲ ಅಲ್ಲಿನ ಸಾಮಾನ್ಯ ಜನರ ಸಣ್ಣ ಸಣ್ಣ ದೇಣಿಗೆಯಿಂದ ಬೆಳೆದವು. ಅವರನ್ನು ಅವರ ಜನರೇ ನೋಡಿಕೊಳ್ಳಲಿ. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ರಷ್ಯಾದಿಂದ ಹೊರಬಂದ ಮೇಲೆ ನಮ್ಮ ಕಾರ್ಡು ಅಲ್ಲಿ ನಡೆಯುವುದೂ ಇಲ್ಲ.

ದೇಶ ಬಿಟ್ಟು ಬಂದವರಿಗೆ ಕೊಡುವ ದಾರಿ ಒಂದಿದೆ. ಲಾಟ್ವಿಯಾದ ರೀಗಾದಿಂದ ನಡೆಯುವ ಮೆಡೂಜಾ ಎಂಬ ಆನ್‌ಲೈನ್ ಪತ್ರಿಕೆ ಮೊದಲು ರಷ್ಯನ್ ಓದುಗರ ದೇಣಿಗೆಯಿಂದ ಬದುಕುತ್ತಿತ್ತು. ಕಾರ್ಡು ನಿಂತ ಮೇಲೆ, ಅವರ ಪರವಾಗಿ ನೀವು ಕೊಡಿ ಅಂತ ಹೊರದೇಶದ ಓದುಗರನ್ನು ಕೇಳಿತು. 2023ರ ಜನವರಿಯಲ್ಲಿ ರಷ್ಯಾ ಅದನ್ನು "ಅನಪೇಕ್ಷಿತ ಸಂಸ್ಥೆ" ಅಂತ ಘೋಷಿಸಿತು. ಈಗ ಒಳಗಿನವರು ಅದಕ್ಕೆ ಹಣ ಕೊಟ್ಟರೆ ಅಪರಾಧ. ಬೆಲಾರೂಸ್‌ನ ಸರ್ಕಾರದ ದಮನಕ್ಕೆ ಸಿಕ್ಕವರಿಗೆ ನೆರವಾಗಲು 2020ರಲ್ಲಿ ಶುರುವಾದ ಬೈಸೊಲ್ ಕೂಡ ಹೊರಗಿನಿಂದಲೇ ನಡೆಯುತ್ತದೆ. ರಷ್ಯಾ, ಬೆಲಾರೂಸ್ ಕಡೆ ಕಾಲಿಡುವ ಯೋಚನೆ ಇಲ್ಲದವರು ಮಾತ್ರ ಇವಕ್ಕೆ ಕೊಡಿ. ಮೇಲೆ ಹೇಳಿದ 51 ಡಾಲರ್ ನೆನಪಿರಲಿ.

ನಾನು ಮಾಡುವುದು ಪತ್ರ ಬರೆಯುವ ಕೆಲಸ. ರಷ್ಯಾದ ಜೈಲುಗಳಲ್ಲಿರುವ ರಾಜಕೀಯ ಕೈದಿಗಳಿಗೆ ಪತ್ರ ಹೋಗುತ್ತದೆ, ಆದರೆ ರಷ್ಯನ್ ಭಾಷೆಯಲ್ಲಿರಬೇಕು, ಸೆನ್ಸಾರ್ ದಾಟಬೇಕು. ಇದಕ್ಕೆ ಸಹಾಯ ಮಾಡುವ ಸ್ವಯಂಸೇವಕರ ಗುಂಪುಗಳಿವೆ. ಯುದ್ಧ, ಕೇಸು, ರಾಜಕೀಯ ಬರೆಯಬಾರದು. ನಾನು ಮನೆ ಹಿಂದಿನ ಹಲಸಿನ ಮರದ ಬಗ್ಗೆ ಬರೆದೆ. ಒಂದು ಹಣ್ಣು ಹೊರೋಕೆ ಇಬ್ಬರು ಬೇಕು, ಬಿಡಿಸುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಅಂತ. ತಿಂಗಳುಗಳ ಮೇಲೆ ಉತ್ತರದ ಸ್ಕ್ಯಾನ್ ಬಂತು. ಗೆರೆ ಹಾಕಿದ ಹಾಳೆ, ಮೂಲೆಯಲ್ಲಿ ಸೆನ್ಸಾರ್ ಮುದ್ರೆ. ಮರದ ಎಲೆ ಹೇಗಿರುತ್ತದೆ, ಚಳಿಗಾಲದಲ್ಲಿ ಉದುರುತ್ತದಾ ಅಂತ ಕೇಳಿದ್ದರು. ನಾನು ಕೊಟ್ಟ ಯಾವ ದೇಣಿಗೆಯ ರಸೀದಿಯನ್ನೂ ಆ ಹಾಳೆಯಷ್ಟು ಸಲ ಓದಿಲ್ಲ.

ದುಡ್ಡು ಕಳಿಸುವಾಗಿನ ಲೆಕ್ಕ

ಭಾರತದಲ್ಲಿರುವವರಿಗೆ: ಆರ್‌ಬಿಐನ ಎಲ್‌ಆರ್‌ಎಸ್ ಎಂಬ ಯೋಜನೆಯ ಅಡಿಯಲ್ಲಿ ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು, ದೇಣಿಗೆಯೂ ಅದರಲ್ಲಿ ಸೇರುತ್ತದೆ. ನಮ್ಮಂಥವರಿಗೆ ಆ ಮಿತಿ ದೂರದ ಮಾತು. 80ಜಿ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದು ಇಲ್ಲಿನ ಸಂಸ್ಥೆಗಳಿಗೆ ಮಾತ್ರ. ಬ್ಯಾಂಕಿನಿಂದ ವೈರ್ ಮಾಡಿದರೆ ಸಣ್ಣ ಮೊತ್ತದ ದೊಡ್ಡ ಪಾಲು ಶುಲ್ಕಕ್ಕೇ ಹೋಗುತ್ತದೆ, ಹಾಗಾಗಿ ಕಾರ್ಡೇ ವಾಸಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಕೊಟ್ಟ ಮೇಲೆ ಆಫ್ ಮಾಡಿ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ದೇಣಿಗೆ ನಮ್ಮ ಕಾರ್ಡುಗಳಲ್ಲಿ ಆಗಾಗ ನಿಂತುಹೋಗುತ್ತದೆ, 2021ರಲ್ಲಿ ಬಂದ ಇ-ಮ್ಯಾಂಡೇಟ್ ನಿಯಮಕ್ಕೆ ಹೊರಗಿನ ಎಷ್ಟೋ ವೆಬ್‌ಸೈಟುಗಳು ಹೊಂದಿಕೊಂಡಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದೆಲ್ಲ ಸಲೀಸು. ರಜೋಮ್, ಗ್ಲೋಬಲ್‌ಗಿವಿಂಗ್ ಎರಡೂ ಅಲ್ಲೇ ನೋಂದಾಯಿತ, ತೆರಿಗೆ ವಿನಾಯಿತಿಯೂ ಸಿಗುತ್ತದೆ. ನಿಮ್ಮ ಕಂಪನಿ ಅಷ್ಟೇ ಮೊತ್ತ ಸೇರಿಸಿ ಕೊಡುತ್ತದಾ ಅಂತ ಎಚ್‌ಆರ್‌ನವರನ್ನು ಕೇಳಿ.

ವೇದಿಕೆಯ ಮೂಲಕವಾ, ನೇರವಾಗಿಯಾ? ವೇದಿಕೆ ಸ್ವಲ್ಪ ಪಾಲು ಹಿಡಿದುಕೊಳ್ಳುತ್ತದೆ, ಅದಕ್ಕೆ ಬದಲಾಗಿ ಸಂಸ್ಥೆ ನಿಜವಾದದ್ದಾ ಅಂತ ಪರೀಕ್ಷೆ ಮಾಡಿರುತ್ತದೆ. ಭಾಷೆ ಬಾರದ ದೇಶಕ್ಕೆ ಮೊದಲ ಸಲ ಕೊಡುವಾಗ ಆ ಪಾಲು ದಂಡ ಅಲ್ಲ. ಒಂದು ವರ್ಷ ಅವರ ವರದಿ ಓದಿ ನಂಬಿಕೆ ಬಂದಮೇಲೆ ನೇರವಾಗಿ ಕೊಡಿ. ವರದಿ ಉಕ್ರೇನಿಯನ್‌ನಲ್ಲೋ ರೊಮೇನಿಯನ್‌ನಲ್ಲೋ ಇರುತ್ತದೆ, ಬ್ರೌಸರಿನಲ್ಲೇ ಅನುವಾದ ಮಾಡಿ ನೋಡಿ. ಕೊನೆಯ ವರದಿ ಯಾವ ವರ್ಷದ್ದು, ಲೆಕ್ಕಪರಿಶೋಧನೆ ಆಗಿದೆಯಾ, ಆಗದ ಕೆಲಸದ ಬಗ್ಗೆಯೂ ಬರೆದಿದ್ದಾರಾ ಅಂತ ಗಮನಿಸಿ. ಎಲ್ಲವೂ ಚೆನ್ನಾಗಾಯಿತು ಅಂತಷ್ಟೇ ಬರೆದ ವರದಿಯನ್ನು ನಾನು ನಂಬಲ್ಲ.

ಇನ್ನೊಂದು ಮಾತು. "ನನ್ನ ದುಡ್ಡು ಸಂಬಳಕ್ಕೆ ಹೋಗಬಾರದು, ಮಕ್ಕಳಿಗೇ ಹೋಗಬೇಕು" ಅನ್ನಬೇಡಿ. ಯುಎಸ್‌ಏಡ್ ಹೋದ ಮೇಲೆ ಎಷ್ಟೋ ಕಡೆ ನಿಂತಿದ್ದೇ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು. ಆ ಮಕ್ಕಳ ಜೊತೆ ಕೂತು ಮಾತಾಡುವ ಆಪ್ತಸಮಾಲೋಚಕಿಗೂ ಮನೆ ಇದೆ. ಯಾವುದಕ್ಕೆ ಬೇಕೋ ಅದಕ್ಕೆ ಬಳಸಿಕೊಳ್ಳಿ ಅಂತ ಬರೆದು ಕಳಿಸಿ.

ಈಗ ಹತ್ತು ಸಾವಿರ ರೂಪಾಯಿ ಇದ್ದರೆ ನಾನು ಹೀಗೆ ಹಂಚುತ್ತೇನೆ: ಐದು ಸಾವಿರ ಉಕ್ರೇನಿನ ಒಂದೇ ಸ್ಥಳೀಯ ಸಂಸ್ಥೆಗೆ ನೇರವಾಗಿ, ಮೂರು ಸಾವಿರ ಮಾಲ್ಡೋವಾಕ್ಕೆ ವೇದಿಕೆಯ ಮೂಲಕ, ಎರಡು ಸಾವಿರ ಅರ್ಮೇನಿಯಾದ ನಿರಾಶ್ರಿತರಿಗೆ. ಜಾರ್ಜಿಯಾಕ್ಕೆ ಮೊದಲು ಮೇಲ್. ರಷ್ಯಾಕ್ಕೆ ಪತ್ರ. ತಿಂಗಳ ಕಡಿತ ನಂಬೋಕಾಗಲ್ಲ ಅಂತ ನಾನು ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ ಕಳಿಸುತ್ತೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಎರಡು ದಿನಗಳ ಪಕ್ಕ ಪೆನ್ಸಿಲ್‌ನಲ್ಲಿ ಸಂಸ್ಥೆಯ ಹೆಸರು ಬರೆದಿಟ್ಟಿರುತ್ತೇನೆ.